ಭಾರದ ಬೋಟ್ ಎಳೆಯಲು ಹಳೆಯ ಎಸ್‌ಯುವಿ: ಪದೇ ಪದೇ ಕೇಳುವ ಪ್ರಶ್ನೆಗಳು

ಎರಡೂವರೆಯಿಂದ ನಾಲ್ಕು ಟನ್ ತೂಗುವ ಬೋಟನ್ನು ಟ್ರೈಲರ್ ಮೇಲೆ ಇಟ್ಟುಕೊಂಡು ರಸ್ತೆಯಲ್ಲಿ ಒಯ್ಯಬೇಕಾದವರಿಗಾಗಿ ಈ ಪುಟ. ಹೊಸ ಗಾಡಿಗೆ ಹಣ ಸುರಿಯುವ ಮನಸ್ಸಿಲ್ಲ, ಹತ್ತರಿಂದ ಇಪ್ಪತ್ತೈದು ವರ್ಷ ಹಳೆಯ ದೊಡ್ಡ ಎಸ್‌ಯುವಿ ಸಾಕು ಎನ್ನುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದೆ. ಉತ್ತರಗಳ ಉದ್ದಕ್ಕೂ ಒಂದೇ ಒತ್ತಾಯ ಕಾಣುತ್ತದೆ: ಎಂಜಿನ್ನಿನ ಶಕ್ತಿ ನೋಡಿ ಗಾಡಿ ಆರಿಸಬೇಡಿ. ಹಿಂದಿನ ಭಾರವನ್ನು ಹಿಡಿದು ನಿಲ್ಲಿಸುವ ತಾಕತ್ತು ಆ ಗಾಡಿಗೆ ಎಷ್ಟಿತ್ತು, ಇಷ್ಟು ವರ್ಷ ಓಡಿದ ಮೇಲೆ ಅದರಲ್ಲಿ ಎಷ್ಟು ಉಳಿದಿದೆ ಎಂದು ನೋಡಿ.

ಯಾವ ಎಸ್‌ಯುವಿ ತೆಗೆದುಕೊಳ್ಳಲಿ?

ಅದಕ್ಕೂ ಮೊದಲು ಬೋಟನ್ನು ತೂಗಿಸಿ. ಕಂಪನಿಯ ಪುಸ್ತಕದಲ್ಲಿರುವ ತೂಕ ಬಹುತೇಕ ಖಾಲಿ ಬೋಟಿನದು. ಎಷ್ಟೋ ಸಲ ಅದರಲ್ಲಿ ಎಂಜಿನ್ ಕೂಡ ಸೇರಿರುವುದಿಲ್ಲ, ಟ್ರೈಲರ್ ಅಂತೂ ಸೇರಿರುವುದೇ ಇಲ್ಲ. ಇಂಧನದ ಲೆಕ್ಕ ಹಾಕಿ: ಪೆಟ್ರೋಲ್ ಲೀಟರಿಗೆ ಸುಮಾರು 0.74 ಕೆಜಿ, ಅಂದರೆ 300 ಲೀಟರಿನ ಟ್ಯಾಂಕ್ ತುಂಬಿದರೆ 220 ಕೆಜಿ ಸೇರಿತು. ಸಿಹಿನೀರಿನ ಟ್ಯಾಂಕಿನಲ್ಲಿ ಲೀಟರಿಗೊಂದು ಕೆಜಿ. ಬ್ಯಾಟರಿಗಳು, ಲಂಗರು, ಅದರ ಸರಪಳಿ, ಲೈಫ್ ಜಾಕೆಟ್‌ಗಳು, ಐಸ್ ಪೆಟ್ಟಿಗೆ, ಹಗ್ಗಗಳು ಎಲ್ಲವೂ ಇದರ ಮೇಲೆ. ಹಳೆಯ ಫೈಬರ್ ಬೋಟಾದರೆ ತಳದ ಫೋಮ್ ಮತ್ತು ಮರದ ಪಟ್ಟಿಗಳು ವರ್ಷಗಟ್ಟಲೆ ನೀರು ಹೀರಿರುತ್ತವೆ. ಆ ನೀರಿನ ತೂಕ ಯಾವ ಪುಸ್ತಕದಲ್ಲೂ ಸಿಗದು.

ಹಾಗಾಗಿ ನೀರಿಗಿಳಿಯುವ ದಿನ ಹೇಗೆ ತುಂಬಿಸುತ್ತೀರೋ ಹಾಗೇ ಎಲ್ಲವನ್ನೂ ತುಂಬಿಸಿ, ಬೇರೊಬ್ಬರ ಗಟ್ಟಿ ಗಾಡಿಗೆ ಕಟ್ಟಿ ವೇಬ್ರಿಡ್ಜಿಗೆ ಒಯ್ಯಿರಿ. ಎರಡು ತೂಕ ಬೇಕು: ಟ್ರೈಲರನ್ನು ಕಳಚಿ, ಮುಂದಿನ ಜ್ಯಾಕ್ ಮೇಲೆ ನಿಲ್ಲಿಸಿದಾಗಿನ ಒಟ್ಟು ತೂಕ ಒಂದು, ಗಾಡಿಗೆ ಕಟ್ಟಿಕೊಂಡೇ ಟ್ರೈಲರಿನ ಚಕ್ರಗಳು ಮಾತ್ರ ತಕ್ಕಡಿಯ ಮೇಲಿದ್ದಾಗಿನ ತೂಕ ಇನ್ನೊಂದು. ಇವೆರಡರ ವ್ಯತ್ಯಾಸವೇ ಹಿಚ್ ಮೇಲೆ, ಅಂದರೆ ಟ್ರೈಲರನ್ನು ಗಾಡಿಗೆ ಸೇರಿಸುವ ಕೊಂಡಿಯ ಮೇಲೆ, ಬೀಳುವ ಭಾರ. ಈ ಎರಡು ಅಂಕಿ ಕೈಯಲ್ಲಿಲ್ಲದೆ ಗಾಡಿ ಹುಡುಕಲು ಹೊರಡಬೇಡಿ. ಪುಸ್ತಕದಲ್ಲಿ 2400 ಕೆಜಿ ಎಂದಿರುವ ಬೋಟ್ ಟ್ರೈಲರಿನೊಂದಿಗೆ 3300 ತೂಗಿದರೆ ಅಚ್ಚರಿಪಡಬೇಕಾದ್ದಿಲ್ಲ.

ಗಾಡಿಯ ಎಳೆಯುವ ಮಿತಿ 3500 ಕೆಜಿ, ನನ್ನದು 3400. ಸಾಲದೇ?

ಸಾಲದೇ ಹೋಗುವ ಸಾಧ್ಯತೆಯೇ ಹೆಚ್ಚು. ಎಳೆಯುವ ಮಿತಿ ಒಂದು ಅಂಕಿಯಷ್ಟೇ. ಅದರ ಜೊತೆ ಇನ್ನೆರಡು ಮಿತಿಗಳಿವೆ, ಸಾಮಾನ್ಯವಾಗಿ ಮೊದಲು ಮೀರುವುದು ಅವೇ.

ಮೊದಲನೆಯದು ಗಾಡಿಯೇ ಹೊರಬಹುದಾದ ತೂಕ. ಖಾಲಿ ಗಾಡಿ 2600 ಕೆಜಿ, ಅದಕ್ಕೆ ಅನುಮತಿ ಇರುವ ಗರಿಷ್ಠ ಒಟ್ಟು ತೂಕ 3200 ಕೆಜಿ ಎಂದುಕೊಳ್ಳಿ. ಉಳಿದದ್ದು 600. ನಾಲ್ಕು ಜನ ಕೂತರೆ 300 ಹೋಯಿತು. ಡಿಕ್ಕಿಯಲ್ಲಿ ಬ್ಯಾಗು, ಟೂಲ್ಸ್, ಊಟದ ಸಾಮಾನು ಎಂದು 120. ಬೋಟಿನ 3400 ಕೆಜಿಯಲ್ಲಿ ಶೇ 8ರಷ್ಟು ಹಿಚ್ ಮೇಲೆ ಕೂರುತ್ತದೆ ಎಂದರೆ 272. ಕೂಡಿಸಿದರೆ 692. ಎಂಜಿನ್ ಸರಾಗವಾಗಿ ಎಳೆಯುತ್ತಿದೆ ಎಂದು ನಿಮಗನಿಸುವಾಗಲೇ ಹಿಂದಿನ ಆ್ಯಕ್ಸಲ್, ಸ್ಪ್ರಿಂಗ್ ಮತ್ತು ಟೈರುಗಳು 92 ಕೆಜಿ ಹೆಚ್ಚು ಹೊತ್ತಿವೆ.

ಎರಡನೆಯದು ಗಾಡಿ ಮತ್ತು ಟ್ರೈಲರ್ ಎರಡೂ ಸೇರಿದ ಗರಿಷ್ಠ ತೂಕ. ಅದು 6000 ಕೆಜಿ ಎಂದಿದ್ದು, ನಿಮ್ಮ ಗಾಡಿ ಜನ ಸಾಮಾನು ಸಮೇತ 3200 ಆಗಿದ್ದರೆ ಟ್ರೈಲರಿಗೆ ಉಳಿಯುವುದು 2800 ಮಾತ್ರ. ಜಾಹೀರಾತಿನ 3500 ಅಲ್ಲಿಗೇ ಕರಗಿತು. ಈ ಅಂಕಿಗಳು ಚಾಲಕನ ಬಾಗಿಲ ಕಂಬದ ಸ್ಟಿಕ್ಕರಿನಲ್ಲಿ, ಗಾಡಿಯ ಗುರುತಿನ ಸಂಖ್ಯೆ (ವಿಐಎನ್) ಇರುವ ತಗಡಿನ ಮೇಲೆ ಅಥವಾ ಮಾಲೀಕರ ಕೈಪಿಡಿಯಲ್ಲಿ ಇರುತ್ತವೆ. ಮಾರುವವರ ಬಾಯಿಮಾತು ಬೇಡ, ಸ್ಟಿಕ್ಕರಿನ ಫೋಟೊ ಕೇಳಿ ತರಿಸಿಕೊಳ್ಳಿ.

ನನ್ನ ಸಲಹೆ ಇಷ್ಟು: ತುಂಬಿದ ಟ್ರೈಲರಿನ ತೂಕ ಗಾಡಿಯ ಮಿತಿಯ ಶೇ 80 ದಾಟದಿರಲಿ. ಹೊಸ ಗಾಡಿಗೆ ಇದು ಅತಿ ಎಚ್ಚರಿಕೆ ಎನಿಸಬಹುದು, ಹಳೆಯದಕ್ಕೆ ಅಲ್ಲ. ಸವೆದ ಬುಶ್, ಸೊರಗಿದ ಸ್ಪ್ರಿಂಗ್, ಅರ್ಧ ಕಟ್ಟಿಕೊಂಡ ರೇಡಿಯೇಟರ್ ಇರುವ ಗಾಡಿಯಲ್ಲಿ ಕಾರ್ಖಾನೆ ಬಿಟ್ಟ ದಿನದ ಮಿತಿ ಉಳಿದಿರುವುದಿಲ್ಲ.

ಹಿಚ್ ಮೇಲೆ ಎಷ್ಟು ಭಾರ ಇರಬೇಕು?

ಎತ್ತಿನ ಗಾಡಿಗೆ ಹೇರು ಹಾಕಿದವರಿಗೆ ಇದನ್ನು ವಿವರಿಸಬೇಕಿಲ್ಲ. ಹೇರು ಹಿಂದಾದರೆ ನೊಗ ಎತ್ತುಗಳ ಹೆಗಲು ಬಿಟ್ಟು ಮೇಲೇಳುತ್ತದೆ, ಮುಂದಾದರೆ ಮೂಕಿಭಾರವಾಗಿ ಎತ್ತುಗಳು ಕುಸಿಯುತ್ತವೆ. ಟ್ರೈಲರಿನ ಲೆಕ್ಕವೂ ಅದೇ. ಹಿಂಭಾರ ಹೆಚ್ಚಾದರೆ ವೇಗದಲ್ಲಿ ಟ್ರೈಲರ್ ಓಲಾಡತೊಡಗುತ್ತದೆ. ಮುಂಭಾರ ಅತಿಯಾದರೆ ಎಸ್‌ಯುವಿಯ ಹಿಂಭಾಗ ಕುಸಿದು ಮುಂದಿನ ಚಕ್ರಗಳು ಹಗುರವಾಗಿ, ಸ್ಟೇರಿಂಗ್ ಮತ್ತು ಬ್ರೇಕಿನ ಹಿಡಿತ ಕಡಿಮೆಯಾಗುತ್ತದೆ.

ಸಾಮಾನ್ಯ ಟ್ರೈಲರುಗಳಿಗೆ ಅಮೆರಿಕದಲ್ಲಿ ಒಟ್ಟು ತೂಕದ ಶೇ 10ರಿಂದ 15 ಎನ್ನುತ್ತಾರೆ. ಎಂಜಿನ್ ಹಿಂದೆ ಇರುವ ಬೋಟುಗಳಲ್ಲಿ ಅಷ್ಟು ಸಿಗುವುದು ಕಷ್ಟ, ಶೇ 7ರಿಂದ 10 ಇದ್ದರೆ ಚೆನ್ನಾಗಿ ಓಡುತ್ತವೆ. ಯುರೋಪಿನ ಗಾಡಿಗಳಿಗೆ ಅನುಮತಿ ಇರುವ ಹಿಚ್ ಭಾರವೇ ಇದಕ್ಕಿಂತ ಕಡಿಮೆ ಇರುತ್ತದೆ. ಗಾಡಿ, ಹಿಚ್, ಟ್ರೈಲರಿನ ಮೂತಿ ಕೂರುವ ಬಾಲ್ (ಗುಂಡು) ಮೂರಕ್ಕೂ ಬೇರೆ ಬೇರೆ ಮಿತಿ ಬರೆದಿರುತ್ತದೆ, ನಿಮಗೆ ಅನ್ವಯಿಸುವುದು ಮೂರರಲ್ಲಿ ಚಿಕ್ಕದು. ಭಾರ ಹೊಂದಿಸಲು ಬೋಟನ್ನು ವಿಂಚ್ ಕಂಬದ ಸಮೇತ ಟ್ರೈಲರ್ ಮೇಲೆ ಸ್ವಲ್ಪ ಮುಂದೆ ಅಥವಾ ಹಿಂದೆ ಸರಿಸಬೇಕು. ಡಿಕ್ಕಿಯಲ್ಲಿ ಕಲ್ಲು ಹೇರಿದರೆ ಇದು ಸರಿಯಾಗದು.

ಹಳೆಯ ಗಾಡಿಗಳ ಎಳೆಯುವ ಅಂಕಿ ನಂಬಬಹುದೇ?

ಅನುಮಾನದಿಂದಲೇ ನೋಡಿ. ಎಳೆಯುವ ಸಾಮರ್ಥ್ಯ ಅಳೆಯಲು ಎಲ್ಲ ಕಂಪನಿಗಳಿಗೂ ಅನ್ವಯವಾಗುವ ಎಸ್‌ಎಇ ಜೆ2807 ಎಂಬ ವಿಧಾನ ಅಮೆರಿಕದಲ್ಲಿ 2008ರಲ್ಲಿ ಬಂತು. ಅದಕ್ಕೂ ಮೊದಲು ಪ್ರತಿ ಕಂಪನಿಯೂ ತನ್ನದೇ ಅಳತೆಗೋಲು ಇಟ್ಟುಕೊಂಡಿತ್ತು. ಹೊಸ ವಿಧಾನವನ್ನು ಮೊದಲು ಒಪ್ಪಿದ್ದು ಟೊಯೊಟಾ, 2011ರ ಮಾಡೆಲ್‌ಗಳಿಂದ. ಆಗ ಅದರ ಕೆಲವು ಗಾಡಿಗಳ ಅಂಕಿ ಕೆಳಗಿಳಿಯಿತು. ಉಳಿದವರು ಬಂದದ್ದು ಇನ್ನೂ ಕೆಲವು ವರ್ಷ ತಡವಾಗಿ.

ಆ ಪರೀಕ್ಷೆಯಲ್ಲಿ ಏನಿದೆ ಎಂದು ತಿಳಿದರೆ ಎಳೆಯುವುದು ಎಂದರೇನು ಎಂಬುದೂ ತಿಳಿಯುತ್ತದೆ. ಅರಿಜೋನಾದ ಡೇವಿಸ್ ಡ್ಯಾಂ ಏರು 11.4 ಮೈಲಿ ಉದ್ದ. ಮರುಭೂಮಿಯ ಬಿಸಿಲಲ್ಲಿ, ಏಸಿ ಪೂರ್ತಿ ಹಾಕಿಕೊಂಡು, ಪೂರ್ಣ ಭಾರದೊಂದಿಗೆ, ನಿಗದಿತ ಕನಿಷ್ಠ ವೇಗಕ್ಕಿಂತ ಕೆಳಗಿಳಿಯದೆ ಅದನ್ನು ಹತ್ತಬೇಕು. ಶೇ 12ರ ಇಳಿಜಾರಿನಲ್ಲಿ ನಿಂತ ಜಾಗದಿಂದ ಐದು ನಿಮಿಷದೊಳಗೆ ಐದು ಸಲ ಮೇಲಕ್ಕೆ ಹೊರಡಬೇಕು, ರಿವರ್ಸಿನಲ್ಲೂ ಅದನ್ನೇ ಮಾಡಿ ತೋರಿಸಬೇಕು. ಬೋಟಿನವರಿಗೆ ಈ ಕೊನೆಯದು ಬಹಳ ಹತ್ತಿರದ್ದು, ಬೋಟನ್ನು ನೀರಿಗಿಳಿಸುವ ಇಳಿಜಾರು ಕಟ್ಟೆಯಾದ ರ‍್ಯಾಂಪಿನಲ್ಲಿ ನಡೆಯುವುದು ಅದೇ.

ದೇಶ ಬದಲಾದರೂ ಅಂಕಿ ಬದಲಾಗುತ್ತದೆ. ಟೊಯೊಟಾ ಲ್ಯಾಂಡ್ ಕ್ರೂಸರ್ 100 ಅನೇಕ ದೇಶಗಳಲ್ಲಿ 3500 ಕೆಜಿಯ ಗಾಡಿ, ಅಮೆರಿಕದ ಪುಸ್ತಕದಲ್ಲಿ ಮಾತ್ರ 6500 ಪೌಂಡ್, ಅಂದರೆ 2950 ಕೆಜಿ. ಹಿಚ್ ಭಾರದ ನಿಯಮ, ವೇಗದ ಮಿತಿ ಎಲ್ಲವೂ ಬೇರೆಯಾದ್ದರಿಂದ ಹೀಗಾಗುತ್ತದೆ. ನಿಮ್ಮಲ್ಲಿ ನೋಂದಣಿಯಾದ ಗಾಡಿಯ ಕಾಗದದಲ್ಲಿರುವ ಅಂಕಿಯೇ ನಿಮಗೆ ಕಾನೂನು.

ಒಂದೇ ಮಾಡೆಲ್, ಒಂದೇ ವರ್ಷ, ಎರಡು ಗಾಡಿಗೆ ಎರಡು ಮಿತಿ. ಯಾಕೆ?

ಹೆಚ್ಚಾಗಿ ಡಿಫರೆನ್ಷಿಯಲ್ ಅನುಪಾತದಿಂದ, ಅಂದರೆ ಚಕ್ರ ಒಂದು ಸುತ್ತು ತಿರುಗಲು ಎಂಜಿನ್ ಕಡೆಯ ಶಾಫ್ಟ್ ಎಷ್ಟು ಸುತ್ತು ತಿರುಗಬೇಕು ಎಂಬುದರಿಂದ. 3.42 ಇರುವ ಗಾಡಿಗಿಂತ 4.10 ಇರುವುದು ಅದೇ ಎಂಜಿನ್ನಿನಿಂದ ಹೆಚ್ಚು ಭಾರ ಎಳೆಯುತ್ತದೆ. ಹೆದ್ದಾರಿಯಲ್ಲಿ ಇಂಧನ ತುಸು ಹೆಚ್ಚು ಕುಡಿಯುತ್ತದೆ. ಜನರಲ್ ಮೋಟಾರ್ಸಿನ ಆ ಕಾಲದ ಗಾಡಿಗಳಲ್ಲಿ ಗ್ಲೋವ್ ಬಾಕ್ಸಿನೊಳಗೆ ಮೂರಕ್ಷರದ ಕೋಡುಗಳ ಸ್ಟಿಕ್ಕರ್ ಇರುತ್ತದೆ: ಜಿಯು6 ಎಂದರೆ 3.42, ಜಿಟಿ4 ಎಂದರೆ 3.73, ಜಿಟಿ5 ಎಂದರೆ 4.10. ಟೋಯಿಂಗ್ ಪ್ಯಾಕೇಜ್ ಎಂದು ಕಾರ್ಖಾನೆಯಲ್ಲೇ ಕೊಟ್ಟಿದ್ದರೆ ದೊಡ್ಡ ರೇಡಿಯೇಟರ್, ಗೇರ್‌ಬಾಕ್ಸಿಗೆ ಪ್ರತ್ಯೇಕ ಕೂಲರ್, ಟ್ರೈಲರ್ ವೈರಿಂಗ್ ಇರುತ್ತದೆ. ಆಮೇಲೆ ಯಾರೋ ಬೋಲ್ಟ್ ಹಾಕಿ ಕೂರಿಸಿದ ಹಿಚ್ ಇದ್ದ ಮಾತ್ರಕ್ಕೆ ಇವೆಲ್ಲ ಇವೆ ಎಂದಾಗದು.

ಪೆಟ್ರೋಲ್ ವಿ8 (ಎಂಟು ಸಿಲಿಂಡರಿನ ಎಂಜಿನ್) ಒಳ್ಳೆಯದೋ ಡೀಸೆಲ್ಲೋ?

ವಾರವಾರ ದೂರ ಎಳೆಯುವವರಿಗೆ, ಘಟ್ಟ ಹತ್ತುವವರಿಗೆ ಡೀಸೆಲ್. ಕಡಿಮೆ ಆರ್‌ಪಿಎಂನಲ್ಲೇ ಟಾರ್ಕ್ (ತಿರುಗಿಸುವ ಬಲ) ಸಿಗುತ್ತದೆ, ಟರ್ಬೊ ಇರುವುದರಿಂದ ಎತ್ತರದ ಪ್ರದೇಶದಲ್ಲೂ ಹೆಚ್ಚು ಸೊರಗುವುದಿಲ್ಲ. ಟರ್ಬೊ ಇಲ್ಲದ ಪೆಟ್ರೋಲ್ ಎಂಜಿನ್ ಪ್ರತಿ 300 ಮೀಟರ್ ಎತ್ತರಕ್ಕೆ ಸುಮಾರು ಶೇ 3ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ; 1500 ಮೀಟರ್ ಎತ್ತರದ ಕೆರೆಗೆ ಹೋಗುವಾಗ ಶೇ 15 ಹೋಗಿರುತ್ತದೆ.

ಆದರೆ ಹಳೆಯ ಡೀಸೆಲ್ ಕೆಟ್ಟರೆ ಖರ್ಚು ದೊಡ್ಡದು. ಇಂಜೆಕ್ಟರುಗಳು, ಹೈ ಪ್ರೆಶರ್ ಪಂಪ್, ಟರ್ಬೊ, ಇಜಿಆರ್ (ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್ನಿಗೆ ಕಳಿಸುವ ಭಾಗ), ಹೊಸ ತಲೆಮಾರಿನದಾದರೆ ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಸೋಸುಕ). ಇವುಗಳಲ್ಲಿ ಎರಡು ಒಟ್ಟಿಗೆ ಕೈಕೊಟ್ಟರೆ ಗಾಡಿ ಕೊಂಡ ದುಡ್ಡಿನಷ್ಟೇ ರಿಪೇರಿಗೂ ಬೇಕಾಗಬಹುದು. ಬೇಸಿಗೆಯಲ್ಲಿ ಕೆಲವು ಸಲ, ಹತ್ತಿರದ ರ‍್ಯಾಂಪಿಗೆ ಮಾತ್ರ ಎನ್ನುವವರಿಗೆ ಸರಳವಾದ ದೊಡ್ಡ ಪೆಟ್ರೋಲ್ ವಿ8 ಸಾಕು. ಅದು ಏರಿನಲ್ಲಿ 4000 ಆರ್‌ಪಿಎಂನಲ್ಲಿ ಅರಚುತ್ತದೆ. ಅರಚಲಿ, ಅದು ಹಾಗೆಯೇ ದುಡಿಯಲು ಮಾಡಿದ ಎಂಜಿನ್.

ಗೇರ್‌ಬಾಕ್ಸ್ ಬಗ್ಗೆ ಇಷ್ಟೊಂದು ಭಯ ಏಕೆ?

ಎಳೆದು ಎಳೆದು ಸತ್ತ ಗಾಡಿಗಳಲ್ಲಿ ಮೊದಲು ಸಾಯುವುದು ಸಾಮಾನ್ಯವಾಗಿ ಆಟೊಮ್ಯಾಟಿಕ್ ಗೇರ್‌ಬಾಕ್ಸ್, ಕಾರಣ ಬಿಸಿ. ಎಂಜಿನ್ನಿನ ಶಕ್ತಿಯನ್ನು ಆಯಿಲಿನ ಮೂಲಕ ಗೇರುಗಳಿಗೆ ದಾಟಿಸುವ ಟಾರ್ಕ್ ಕನ್ವರ್ಟರ್ ಲಾಕ್ ಆಗದೆ ಜಾರುತ್ತಿರುವಷ್ಟು ಹೊತ್ತೂ ಎಂಜಿನ್ನಿನ ಶಕ್ತಿಯ ಒಂದು ಪಾಲು ಆಯಿಲಿನಲ್ಲಿ ಶಾಖವಾಗಿ ಸೇರುತ್ತದೆ. ಏರಿನಲ್ಲಿ ಗೇರ್ ಮೇಲೆ ಕೆಳಗೆ ಹುಡುಕಾಡುತ್ತಿದ್ದರೆ ಈ ಶಾಖ ಏರುತ್ತಲೇ ಹೋಗುತ್ತದೆ. ಆಯಿಲ್ 80 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿದ್ದರೆ ಬಹುಕಾಲ ಬಾಳುತ್ತದೆ. ಅಲ್ಲಿಂದಾಚೆ ಪ್ರತಿ ಹತ್ತು ಹನ್ನೊಂದು ಡಿಗ್ರಿಗೆ ಅದರ ಆಯುಸ್ಸು ಅರ್ಧವಾಗುತ್ತದೆ ಎಂಬುದು ಮೆಕ್ಯಾನಿಕ್‌ಗಳು ಇಟ್ಟುಕೊಂಡಿರುವ ಅಂದಾಜು.

ಡಿಪ್‌ಸ್ಟಿಕ್ ಇರುವ ಗಾಡಿಯಾದರೆ ಪರೀಕ್ಷೆ ಸುಲಭ. ಎಂಜಿನ್ ಬಿಸಿಯಾದ ಮೇಲೆ ಕಡ್ಡಿ ಎಳೆದು ಬಿಳಿ ಕಾಗದದ ಮೇಲೆ ಒಂದು ಹನಿ ಬಿಡಿ. ತಿಳಿ ಕೆಂಪು ಬಣ್ಣ ಹರಡಿದರೆ ಆಯಿಲ್ ಆರೋಗ್ಯವಾಗಿದೆ. ಕಂದು ಬಣ್ಣವಾಗಿ, ಮಧ್ಯದಲ್ಲಿ ಕಪ್ಪು ಚುಕ್ಕೆ ಉಳಿದು, ಮೂಗಿಗೆ ಸೀದ ವಾಸನೆ ಹೊಡೆದರೆ ಕ್ಲಚ್ ಪ್ಲೇಟುಗಳು ಸುಟ್ಟಿವೆ. ಬೆರಳುಗಳ ನಡುವೆ ಉಜ್ಜಿ ನೋಡಿ, ಮರಳಿನಂತೆ ತರಿತರಿಯಾದರೆ ಬಿಟ್ಟು ಬನ್ನಿ. ಹಾಲು ಬೆರೆಸಿದಂಥ ಗುಲಾಬಿ ಬಣ್ಣ ಕಂಡರೆ ಕೂಲಂಟ್ ಗೇರ್‌ಬಾಕ್ಸಿಗೆ ಸೇರಿದೆ ಎಂದರ್ಥ. ನಿಸ್ಸಾನ್ ಪಾಥ್‌ಫೈಂಡರ್‌ನ 2005ರಿಂದ 2010ರವರೆಗಿನ ಗಾಡಿಗಳಲ್ಲಿ ರೇಡಿಯೇಟರಿನೊಳಗಿನ ಕೂಲರ್ ಒಡೆದು ಹೀಗಾಗುವುದು ಎಲ್ಲರಿಗೂ ತಿಳಿದ ತೊಂದರೆ. ಅಂಥ ಗಾಡಿಯಲ್ಲಿ ರೇಡಿಯೇಟರ್ ಬದಲಿಸಿದ ಬಿಲ್ ಇದೆಯೇ ಎಂದು ಕೇಳಲೇಬೇಕು.

ಹಾಗಾದರೆ ಯಾವ ಮಾಡೆಲ್‌ಗಳನ್ನು ನೋಡಬಹುದು?

ಬೋಟ್ ನಾಲ್ಕು ಟನ್ ಮುಟ್ಟುತ್ತಿದ್ದರೆ ಆಯ್ಕೆ ತೀರ ಕಡಿಮೆ. ಫೋರ್ಡ್ ಎಕ್ಸ್‌ಕರ್ಷನ್, 2000ದಿಂದ 2005ರವರೆಗೆ ಬಂದದ್ದು, ಎಫ್-250 ಸೂಪರ್ ಡ್ಯೂಟಿ ಟ್ರಕ್ಕಿನ ಚಾಸಿಯ ಮೇಲೆ ಕಟ್ಟಿದ ಎಸ್‌ಯುವಿ. ವೀಲ್‌ಬೇಸ್ (ಮುಂದಿನ, ಹಿಂದಿನ ಆ್ಯಕ್ಸಲುಗಳ ಅಂತರ) ಹತ್ತಿರ ಹತ್ತಿರ ಮೂರೂವರೆ ಮೀಟರ್, ಹಿಂದಿನ ಬೋಟ್ ಅಲ್ಲಾಡಿಸಿದರೂ ಜಗ್ಗುವುದಿಲ್ಲ. ಅದರ 7.3 ಲೀಟರ್ ಡೀಸೆಲ್ ದೀರ್ಘಾಯುಷಿ ಎಂದು ಹೆಸರಾದದ್ದು, ಅದಕ್ಕೇ ಇಂದಿಗೂ ಬೆಲೆ ಇಳಿದಿಲ್ಲ. 2003ರಲ್ಲಿ ಅದರ ಜಾಗಕ್ಕೆ ಬಂದ 6.0 ಲೀಟರ್ ಡೀಸೆಲ್ಲಿನಲ್ಲಿ ಆಯಿಲ್ ಕೂಲರ್ ಕಟ್ಟಿಕೊಂಡು, ಇಜಿಆರ್ ಕೂಲರ್ ಒಡೆದು, ಹೆಡ್ ಗ್ಯಾಸ್ಕೆಟ್ ಹೋಗುವ ಸರಣಿ ತೊಂದರೆ ಇದೆ. ಅವನ್ನೆಲ್ಲ ಸರಿಪಡಿಸಿದ ದಾಖಲೆ ಇದ್ದರೆ ಮಾತ್ರ ಮುಟ್ಟಿ. 6.8 ಲೀಟರ್ ವಿ10 ಪೆಟ್ರೋಲ್ ಗಟ್ಟಿ ಎಂಜಿನ್, ಕುಡಿತ ವಿಪರೀತ. ಆ ಕಾಲದ ಹೆಡ್ಡಿನಲ್ಲಿ ಸ್ಪಾರ್ಕ್ ಪ್ಲಗ್ ಕಚ್ಚಿಕೊಳ್ಳುವ ಮರೆ (ಥ್ರೆಡ್) ಕಡಿಮೆ ಇದ್ದುದರಿಂದ ಪ್ಲಗ್ ಕಿತ್ತು ಹಾರಿದ ಪ್ರಕರಣಗಳಿವೆ.

ನನ್ನ ಮೊದಲ ಆಯ್ಕೆ ಷೆವ್ರೊಲೆ ಸಬರ್ಬನ್ 2500, ಅಥವಾ ಅದರ ಅವಳಿ ಜಿಎಂಸಿ ಯೂಕಾನ್ ಎಕ್ಸ್‌ಎಲ್ 2500. ಸಂಖ್ಯೆಯನ್ನು ಗಮನಿಸಿ: 1500 ಬೇರೆ, 2500 ಬೇರೆ. 2500ಕ್ಕೆ ದಪ್ಪ ಆ್ಯಕ್ಸಲ್, ಎಂಟು ಬೋಲ್ಟಿನ ಚಕ್ರ, 6.0 ಲೀಟರ್ ವಿ8, ಗಟ್ಟಿ ಗೇರ್‌ಬಾಕ್ಸ್. 2001ರಿಂದ 2006ರವರೆಗಿನ ಕೆಲವಕ್ಕೆ 8.1 ಲೀಟರಿನ ದೈತ್ಯ ವಿ8 ಕೂಡ ಇತ್ತು. ಆಯಿಲ್ ಕುಡಿಯುವ ಚಾಳಿ ಅದಕ್ಕಿದೆ, ಪ್ರತಿ ಪ್ರಯಾಣಕ್ಕೂ ಮೊದಲು ಆಯಿಲ್ ನೋಡುವವರಿಗೆ ಅದು ತೊಂದರೆಯೇ ಅಲ್ಲ. ಸಾಮಾನ್ಯ ಖರೀದಿದಾರರಿಗೆ 2500 ಸಿಕ್ಕಿದ್ದು 2013ರವರೆಗೆ. 1500ರಲ್ಲಿ 2007ರಿಂದ ಬಂದ 5.3 ಎಂಜಿನ್ ಅರ್ಧ ಸಿಲಿಂಡರುಗಳನ್ನು ತಾನೇ ಆರಿಸಿ ಇಂಧನ ಉಳಿಸುತ್ತದೆ, ಅದರ ವಾಲ್ವ್ ಎತ್ತುವ ಲಿಫ್ಟರುಗಳು ಕೆಡುವುದು ಸಾಮಾನ್ಯ. ಬೆಳಗಿನ ತಣ್ಣನೆಯ ಸ್ಟಾರ್ಟಿನಲ್ಲಿ ಟಿಕ್ ಟಿಕ್ ಸದ್ದು ಬಂದು ನಿಲ್ಲದೆ ಹೋದರೆ ದೂರವಿರಿ.

ಮೂರು ಟನ್ನಿನ ಆಸುಪಾಸಿಗೆ ಆಯ್ಕೆ ಹೆಚ್ಚು. ಲ್ಯಾಂಡ್ ಕ್ರೂಸರ್ 100 (1998–2007) 4.7 ಲೀಟರ್ ಪೆಟ್ರೋಲ್ ವಿ8 ಅಥವಾ 4.2 ಲೀಟರಿನ ಆರು ಸಿಲಿಂಡರ್ ಡೀಸೆಲ್ಲಿನಲ್ಲಿ ಸಿಗುತ್ತದೆ, ಎರಡೂ ಒಳ್ಳೆಯವು. ಪೆಟ್ರೋಲಿನದಕ್ಕೆ ಸುಮಾರು 1,50,000 ಕಿಮೀಗೆ ಟೈಮಿಂಗ್ ಬೆಲ್ಟ್ ಬದಲಿಸಬೇಕು, ಬಿಲ್ ಕೇಳಿ. ನಿಸ್ಸಾನ್ ಅರ್ಮಾಡಾದ ಮೊದಲ ತಲೆಮಾರು (2004–2015) ಕಡಿಮೆ ಹಣಕ್ಕೆ ನಾಲ್ಕು ಟನ್ ಹತ್ತಿರದ ಮಿತಿ ಕೊಡುತ್ತದೆ. ಎಕ್ಸಾಸ್ಟ್ ಮ್ಯಾನಿಫೋಲ್ಡ್ (ಎಂಜಿನ್ನಿಂದ ಹೊಗೆ ಹೊರತರುವ ಕೊಳವೆ) ಬಿರುಕು ಅದರ ಹಳೆಯ ಕಾಯಿಲೆ.

ಯುರೋಪಿನವುಗಳಲ್ಲಿ ಲ್ಯಾಂಡ್ ರೋವರ್ ಡಿಸ್ಕವರಿ 3 ಮತ್ತು ಫೋಕ್ಸ್‌ವ್ಯಾಗನ್ ಟುವಾರೆಗ್ ಎರಡಕ್ಕೂ 3500 ಕೆಜಿ ಮಿತಿ. ಎಳೆಯುವಾಗ ಎರಡೂ ಹಾಯಾಗಿರುತ್ತವೆ. ಕಷ್ಟ ಶುರುವಾಗುವುದು ವರ್ಕ್‌ಶಾಪಿನಲ್ಲಿ. ಡಿಸ್ಕವರಿಯ 2.7 ಡೀಸೆಲ್ಲಿನಲ್ಲಿ ಕ್ರ್ಯಾಂಕ್‌ಶಾಫ್ಟ್ ಮುರಿದ ಪ್ರಕರಣಗಳಿವೆ, ಏರ್ ಸಸ್ಪೆನ್ಷನ್ ಕಂಪ್ರೆಸರ್ ಸೋಲುತ್ತದೆ, ದೊಡ್ಡ ಕೆಲಸಗಳಿಗೆ ಬಾಡಿಯನ್ನೇ ಚಾಸಿಯಿಂದ ಎತ್ತುವುದೂ ಉಂಟು. ಟುವಾರೆಗ್‌ನಲ್ಲಿ ಪ್ರೊಪೆಲ್ಲರ್ ಶಾಫ್ಟಿನ ನಡುವಿನ ಬೇರಿಂಗ್ ಹೋಗುತ್ತದೆ. ಇಂಥ ಗಾಡಿಯನ್ನು ಬಲ್ಲ ಮೆಕ್ಯಾನಿಕ್ ಹತ್ತಿರದಲ್ಲಿ ಇಲ್ಲದಿದ್ದರೆ, ಎಷ್ಟೇ ಅಗ್ಗವಾಗಿ ಸಿಕ್ಕರೂ ಬೇಡ.

ಟುವಾರೆಗ್ ವಿಮಾನವನ್ನೇ ಎಳೆದಿದೆಯಲ್ಲ?

ಹೌದು, 2006ರಲ್ಲಿ ವಿ10 ಡೀಸೆಲ್ ಟುವಾರೆಗ್ 150 ಟನ್ ಮೀರಿದ ಬೋಯಿಂಗ್ 747 ವಿಮಾನವನ್ನು ಎಳೆಯಿತು. ಸಮತಟ್ಟಾದ ರನ್‌ವೇ, ನಡಿಗೆಯ ವೇಗ, ಚಕ್ರಗಳಿಗೆ ಹಿಡಿತ ಬರಲೆಂದು ಗಾಡಿಯೊಳಗೆ ಹೇರಿದ ಟನ್‌ಗಟ್ಟಲೆ ಭಾರ. ಅಲ್ಲಿ ಇಳಿಜಾರು ಇರಲಿಲ್ಲ, ತಿರುವು ಇರಲಿಲ್ಲ, ಎದುರಿಗೆ ಅಡ್ಡ ಬರುವ ಗಾಡಿ ಇರಲಿಲ್ಲ. ಚಕ್ರದ ಮೇಲಿರುವುದನ್ನು ಅಲುಗಿಸಲು ಹೆಚ್ಚು ಶಕ್ತಿ ಬೇಕಿಲ್ಲ. 90 ಕಿಮೀ ವೇಗದಲ್ಲಿ ಇಳಿಯುತ್ತಿರುವ ಮೂರು ಟನ್ನನ್ನು ನೇರವಾಗಿ ಹಿಡಿದು ನಿಲ್ಲಿಸುವುದು ಬೇರೆಯೇ ಕೆಲಸ. ಅದಕ್ಕೆ ಗಾಡಿಯ ಸ್ವಂತ ತೂಕ, ಉದ್ದನೆಯ ವೀಲ್‌ಬೇಸ್ ಮತ್ತು ಹಿಂದಿನ ಆ್ಯಕ್ಸಲಿನಿಂದ ಹಿಚ್ಚಿಗಿರುವ ಅಂತರ ಕಡಿಮೆ ಇರುವುದು ಬೇಕು.

ಮೊದಲೇ ಬೋಟ್ ಎಳೆದಿರುವ ಗಾಡಿ ಕೊಳ್ಳಬಹುದೇ?

ಸಿಹಿನೀರಿನ ಕೆರೆಗಾದರೆ ಸರಿ. ಉಪ್ಪುನೀರಿನ ರ‍್ಯಾಂಪಿಗೆ ಇಳಿದ ಗಾಡಿಯಾದರೆ ಟಾರ್ಚ್ ಹಿಡಿದು ಅಡಿಗೆ ನುಗ್ಗಿ. ಹಿಂದಿನ ಚಕ್ರಗಳು ಎಷ್ಟೋ ಸಲ ಚಕ್ರದ ನಡುವಿನ ಹಬ್‌ವರೆಗೆ ನೀರಲ್ಲಿ ನಿಂತಿರುತ್ತವೆ. ತುಕ್ಕು ಚಾಸಿಯ ಹೊರಗೆ ಕಾಣುವ ಮೊದಲು ಒಳಗಿನಿಂದ ತಿಂದಿರುತ್ತದೆ, ಆದ್ದರಿಂದ ಹಿಂದಿನ ಆ್ಯಕ್ಸಲಿನ ಮೇಲೆ ಚಾಸಿ ಬಾಗುವ ಜಾಗದಲ್ಲಿ ಸಣ್ಣ ಸುತ್ತಿಗೆಯಿಂದ ತಟ್ಟುತ್ತ ಹೋಗಿ. ಗಟ್ಟಿ ಕಬ್ಬಿಣ ಠಣ್ ಎನ್ನುತ್ತದೆ, ಕೊಳೆತದ್ದು ಮಂದ ಸದ್ದು ಮಾಡಿ ಪದರ ಉದುರಿಸುತ್ತದೆ. ಹೊಸದಾಗಿ ಕಪ್ಪು ಬಣ್ಣ ಬಳಿದ ಚಾಸಿ ಕಂಡರೆ ಎರಡು ಪಟ್ಟು ಅನುಮಾನಿಸಿ. ಹೆಸರುವಾಸಿ ಕಂಪನಿಯ ಗಾಡಿ ಎಂದು ಬಿಡಬೇಡಿ: ಚಾಸಿ ತುಕ್ಕಿನ ವಿಚಾರದಲ್ಲಿ ಟೊಯೊಟಾ ಅಮೆರಿಕದಲ್ಲಿ ಟಕೋಮಾ, ಟಂಡ್ರಾ ಮತ್ತು ಸಿಕೋಯಾ ಮಾಲೀಕರ ಜೊತೆ 2016ರಲ್ಲಿ ರಾಜಿ ಒಪ್ಪಂದಕ್ಕೆ ಬಂದಿತ್ತು.

ಮುಂದೆ ಬ್ರೇಕ್ ಪೈಪುಗಳು. ಚಾಸಿಯ ಒಳಮೈಗೆ ಕ್ಲಿಪ್ ಹಾಕಿರುವ ಕಡೆ ಉಪ್ಪು ನಿಲ್ಲುತ್ತದೆ, ಪೈಪ್ ಅಲ್ಲೇ ತೂತಾಗುತ್ತದೆ. ಸ್ಟೆಪ್ನಿ ಇಳಿಸುವ ವಿಂಚ್ ತಿರುಗಿಸಿ ನೋಡಿ, ಜಾಮ್ ಆಗಿದ್ದರೆ ಅಡಿಯಲ್ಲಿ ಉಳಿದದ್ದೂ ಅದೇ ಸ್ಥಿತಿಯಲ್ಲಿರಬಹುದು. ಟ್ರೈಲರ್ ಸಾಕೆಟ್ಟಿನ ಮುಚ್ಚಳ ತೆಗೆದರೆ ಪಿನ್ನುಗಳ ಮೇಲೆ ಹಸಿರು ಪುಡಿ ಕಾಣಬಹುದು. ವೈರಿನೊಳಗೂ ಅದು ಹತ್ತಿರುತ್ತದೆ. ಹಿಚ್ಚಿನ ಪಿನ್ ತೂತು ದುಂಡಗಿದೆಯೋ ಮೊಟ್ಟೆಯಾಕಾರಕ್ಕೆ ಎಳೆದುಕೊಂಡಿದೆಯೋ ನೋಡಿ, ವೆಲ್ಡಿಂಗ್ ಅಂಚಿನಲ್ಲಿ ತುಕ್ಕಿನ ಗೆರೆ ಇದ್ದರೆ ಅದು ಬಿರುಕು. ಮಾಲೀಕರು "ಚಿಕ್ಕ ಟ್ರೈಲರ್ ಮಾತ್ರ ಎಳೆದಿದ್ದು" ಎಂದರೂ ಆ ತೂತು ನಿಜ ಹೇಳುತ್ತದೆ.

ಎಷ್ಟು ಕಿಲೋಮೀಟರ್ ಓಡಿರಬಹುದು?

ಮೀಟರಿಗಿಂತ ಬಿಲ್ಲುಗಳ ಕಡತ ಮುಖ್ಯ. ಎರಡೂವರೆ ಲಕ್ಷ ಕಿಮೀ ಓಡಿ ಗೇರ್‌ಬಾಕ್ಸ್ ಆಯಿಲ್, ಡಿಫರೆನ್ಷಿಯಲ್ ಆಯಿಲ್, ಕೂಲಂಟ್ ಎಲ್ಲ ಹೊತ್ತಿಗೆ ಸರಿಯಾಗಿ ಬದಲಿಸಿದ ಗಾಡಿಯನ್ನು ನಾನು ಒಂದು ಲಕ್ಷ ಓಡಿ ದಾಖಲೆಯೇ ಇಲ್ಲದ ಗಾಡಿಗಿಂತ ಮೇಲೆ ಇಡುತ್ತೇನೆ.

ಫೋರ್ ವೀಲ್ ಡ್ರೈವ್ ಬೇಕೇ ಬೇಕೇ?

ಹೆದ್ದಾರಿಯಲ್ಲಿ ಬೇಡ, ರ‍್ಯಾಂಪಿನಲ್ಲಿ ಬೇಕು. ಪಾಚಿ ಹಿಡಿದ ಒದ್ದೆ ಕಾಂಕ್ರೀಟಿನ ಮೇಲೆ ಹಿಂದಿನ ಚಕ್ರಗಳು ನಿಂತಿರುತ್ತವೆ, ಮುಂದಿನವು ಒಣ ಜಾಗದಲ್ಲಿ. ನಾಲ್ಕೂ ಚಕ್ರಕ್ಕೆ ಶಕ್ತಿ ಹೋದರೆ ಮುಂದಿನವು ಕೈಹಿಡಿಯುತ್ತವೆ. ಲೋ ರೇಂಜ್ (ತೀರ ನಿಧಾನದ ಗೇರ್ ಶ್ರೇಣಿ) ಇದ್ದರೆ ಇನ್ನೂ ಒಳ್ಳೆಯದು: ಆ್ಯಕ್ಸಲರೇಟರ್ ಒತ್ತದೆ ಮೆಲ್ಲಗೆ ಹತ್ತಬಹುದು, ಟಾರ್ಕ್ ಕನ್ವರ್ಟರ್ ಬಿಸಿಯಾಗುವುದಿಲ್ಲ. ಪಾರ್ಟ್ ಟೈಮ್ ಫೋರ್ ವೀಲ್ ಆಗಿದ್ದರೆ ಒಣ ರಸ್ತೆಗೆ ಬಂದ ಕೂಡಲೇ ಟು ವೀಲ್‌ಗೆ ಹಾಕಿ, ಇಲ್ಲದಿದ್ದರೆ ತಿರುವಿನಲ್ಲಿ ಮುಂದಿನ ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸ್ ಬಿಗಿದುಕೊಳ್ಳುತ್ತದೆ.

ಹ್ಯಾಂಡ್ ಬ್ರೇಕ್ ಬಹುತೇಕ ಗಾಡಿಗಳಲ್ಲಿ ಹಿಂದಿನ ಚಕ್ರಗಳನ್ನಷ್ಟೇ ಹಿಡಿಯುತ್ತದೆ, ಆ ಚಕ್ರಗಳೇ ಪಾಚಿಯ ಮೇಲಿರುತ್ತವೆ. ಚಕ್ರಕ್ಕೆ ಅಡೆ ಕೊಡದೆ ಗಾಡಿಯಿಂದ ಇಳಿಯಬೇಡಿ.

ಬ್ರೇಕ್ ವಿಷಯದಲ್ಲಿ ಏನು ನೋಡಬೇಕು?

ಈ ತೂಕಕ್ಕೆ ಟ್ರೈಲರಿಗೆ ಸ್ವಂತ ಬ್ರೇಕ್ ಇರಲೇಬೇಕು. ಬೋಟ್ ಟ್ರೈಲರುಗಳು ನೀರಿಗಿಳಿಯುವುದರಿಂದ ಹೆಚ್ಚಿನವಕ್ಕೆ ಸರ್ಜ್ ಬ್ರೇಕ್ ಇರುತ್ತದೆ: ಗಾಡಿ ನಿಧಾನವಾದಾಗ ಟ್ರೈಲರ್ ಮುಂದಕ್ಕೆ ತಳ್ಳುವ ಒತ್ತಡದಿಂದಲೇ ಅದರ ಮಾಸ್ಟರ್ ಸಿಲಿಂಡರ್ ಕೆಲಸ ಮಾಡುತ್ತದೆ. ಏರಿನಲ್ಲಿ ರಿವರ್ಸ್ ತೆಗೆಯುವಾಗಲೂ ಅದೇ ಒತ್ತಡ ಬಂದು ಬ್ರೇಕ್ ಹಿಡಿಯದಿರಲೆಂದು ಕೆಲವದರಲ್ಲಿ ರಿವರ್ಸ್ ಲೈಟಿನ ವೈರಿಗೆ ಕಟ್ಟಿದ ಸೊಲೆನಾಯ್ಡ್ (ವಿದ್ಯುತ್ತಿನಿಂದ ಮುಚ್ಚುವ ಕವಾಟ) ಇರುತ್ತದೆ. ಗಾಡಿಯ ಸಾಕೆಟ್ಟಿನಲ್ಲಿ ಆ ಪಿನ್ ಇದೆಯೇ ನೋಡಿ. ವಿದ್ಯುತ್ತಿನಿಂದ ಒತ್ತಡ ಪಡೆಯುವ ಹೈಡ್ರಾಲಿಕ್ ಬ್ರೇಕ್ (ಎಲೆಕ್ಟ್ರಿಕ್ ಓವರ್ ಹೈಡ್ರಾಲಿಕ್) ಇದಕ್ಕಿಂತ ಉತ್ತಮ, ಚಾಲಕನ ಕೈಯಿಂದಲೇ ಟ್ರೈಲರ್ ಬ್ರೇಕ್ ಹಾಕಬಹುದು. ಅದಕ್ಕೆ ಗಾಡಿಯಲ್ಲಿ ಬ್ರೇಕ್ ಕಂಟ್ರೋಲರ್ ಬೇಕು.

ಎಸ್‌ಯುವಿಯ ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಡಾಟ್ 4 ಎಂಬ ದರ್ಜೆಯ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿಯವರೆಗೆ ಕುದಿಯುವುದಿಲ್ಲ, ತೇವ ಸೇರಿದ ಮೇಲೆ ಆ ಕನಿಷ್ಠ ಮಿತಿ 155ಕ್ಕೆ ಇಳಿಯುತ್ತದೆ. ಉದ್ದನೆಯ ಇಳಿಜಾರಿನಲ್ಲಿ ಅದು ಕುದ್ದರೆ ಪೆಡಲ್ ನೆಲಕ್ಕೆ ಹೋಗುತ್ತದೆ. ಇಳಿಯುವಾಗ ಮೊದಲೇ ಕೆಳ ಗೇರ್ ಹಾಕಿ, ಎಂಜಿನ್ ಹಿಡಿಯಲಿ.

ಹಿಂದೆ ಗಟ್ಟಿ ಸ್ಪ್ರಿಂಗ್ ಅಥವಾ ಏರ್ ಬ್ಯಾಗ್ ಹಾಕಿಸಿದರೆ ಮಿತಿ ಹೆಚ್ಚುತ್ತದೆಯೇ?

ಇಲ್ಲ. ಹಿಂಭಾಗ ಕುಸಿಯುವುದು ನಿಲ್ಲುತ್ತದೆ ಅಷ್ಟೇ. ಆ್ಯಕ್ಸಲ್, ಬ್ರೇಕ್, ಚಾಸಿ ಹಳೆಯವೇ ಉಳಿದವು, ಮಿತಿಯೂ ಹಳೆಯದೇ.

ಟೈರ್?

ಬದಿಯಲ್ಲಿ ಡಾಟ್ ಸಂಖ್ಯೆಯ ಕೊನೆಯ ನಾಲ್ಕಂಕಿ ನೋಡಿ. 2318 ಎಂದರೆ 2018ರ 23ನೇ ವಾರ. ಟೈರಿನ ಮೇಲ್ಮೈ ಗೀರುಗಳು (ಟ್ರೆಡ್) ಎಷ್ಟೇ ಆಳವಿರಲಿ, ಆರು ವರ್ಷ ದಾಟಿದ್ದರೆ ಪರೀಕ್ಷೆ ಮಾಡಿಸಿ, ಹತ್ತು ದಾಟಿದ್ದರೆ ಬದಲಿಸಿ. ಲೋಡ್ ಇಂಡೆಕ್ಸ್ (ಟೈರ್ ಹೊರಬಲ್ಲ ಭಾರ ತಿಳಿಸುವ ಸಂಖ್ಯೆ) ಗಾಡಿಯ ಸ್ಟಿಕ್ಕರಿನಲ್ಲಿ ಹೇಳಿದ್ದಕ್ಕಿಂತ ಕಡಿಮೆ ಇರಬಾರದು. ನೋಟಕ್ಕೆಂದು ಅಗಲ ರಿಮ್ ಹಾಕಿಸಿದ ಗಾಡಿಗಳಲ್ಲಿ ಇದೇ ತಪ್ಪಿರುತ್ತದೆ.

ಟೆಸ್ಟ್ ಡ್ರೈವ್ ಹೇಗೆ ಮಾಡಲಿ?

ಎಂಜಿನ್ ಪೂರ್ತಿ ತಣ್ಣಗಿರುವಾಗ ಹೋಗಿ, ಮೊದಲೇ ಬಿಸಿ ಮಾಡಿಟ್ಟಿದ್ದರೆ ಇನ್ನೊಂದು ದಿನ ಬರುತ್ತೇನೆ ಎನ್ನಿ. ತಣ್ಣನೆಯ ರೇಡಿಯೇಟರ್ ಮುಚ್ಚಳ ತೆಗೆದು ಕೂಲಂಟಿನ ಬಣ್ಣ, ಜಿಡ್ಡು ನೋಡಿ. ಆಮೇಲೆ ಕನಿಷ್ಠ ಮುಕ್ಕಾಲು ಗಂಟೆ ಓಡಿಸಿ, ಉದ್ದನೆಯ ಏರು ಇರಲಿ. ಮಾಲೀಕರು ಒಪ್ಪಿದರೆ ಭಾರದ ಟ್ರೈಲರ್ ಕಟ್ಟಿ ಅದೇ ಏರು ಹತ್ತಿಸಿ. ಖಾಲಿ ಗಾಡಿಯಲ್ಲಿ ಬಚ್ಚಿಟ್ಟುಕೊಳ್ಳುವ ಗೇರ್ ಜಾರಿಕೆ, ಏರುವ ಟೆಂಪರೇಚರ್ ಮುಳ್ಳು, ನಡುಗುವ ಶಾಫ್ಟ್ ಆಗ ಹೊರಬೀಳುತ್ತವೆ. ಸ್ಕ್ಯಾನರ್ ಹಾಕಿ ಗೇರ್‌ಬಾಕ್ಸ್ ಆಯಿಲಿನ ಉಷ್ಣತೆ ಓದಲು ಬಂದರೆ ಓದಿ. ಅದೇ ದಿನ ಯಾರೋ ದೋಷದ ಕೋಡುಗಳನ್ನು ಅಳಿಸಿದ್ದರೆ ಅದೂ ಸ್ಕ್ಯಾನರಿನಲ್ಲಿ ತಿಳಿಯುತ್ತದೆ.

ದಾರಿಯಲ್ಲಿ ಟ್ರೈಲರ್ ಓಲಾಡತೊಡಗಿದರೆ?

ಆ್ಯಕ್ಸಲರೇಟರಿನಿಂದ ಕಾಲು ತೆಗೆಯಿರಿ, ಸ್ಟೇರಿಂಗ್ ನೇರ ಹಿಡಿಯಿರಿ, ಓಲಾಟಕ್ಕೆ ಎದುರಾಗಿ ತಿರುಗಿಸಬೇಡಿ. ಗಾಡಿಯ ಬ್ರೇಕನ್ನು ಜೋರಾಗಿ ಒತ್ತಬೇಡಿ. ಕಂಟ್ರೋಲರ್ ಇದ್ದರೆ ಟ್ರೈಲರ್ ಬ್ರೇಕ್ ಮಾತ್ರ ಕೈಯಿಂದ ಹಾಕಿ. ನಿಂತ ಮೇಲೆ ಕಾರಣ ಹುಡುಕಿ, ಹೆಚ್ಚಾಗಿ ಅದು ಹಿಚ್ ಭಾರ ಕಡಿಮೆ ಇರುವುದು ಅಥವಾ ಟೈರ್ ಗಾಳಿ.

ವರ್ಷಕ್ಕೆ ಎರಡೇ ಸಲ ಎಳೆಯುವುದು. ಆದರೂ ಇಷ್ಟೆಲ್ಲ ಬೇಕೇ?

ಎರಡು ಸಲಕ್ಕಾದರೆ ಗಾಡಿಯೇ ಬೇಡ. ಬೋಟನ್ನು ನೀರಿನ ಬಳಿಯೇ ಇಡಲು ಜಾಗ ಹುಡುಕಿ, ಸೀಸನ್ನಿನ ಮೊದಲು ಮತ್ತು ಕೊನೆಗೆ ಬೋಟ್ ಸಾಗಿಸುವವರಿಗೆ ಹಣ ಕೊಟ್ಟು ಒಯ್ಯಿಸಿ. ಮೂರು ಟನ್ ಕುಡುಕ ಎಸ್‌ಯುವಿಯನ್ನು ವರ್ಷವಿಡೀ ಸಾಕುವ ಖರ್ಚಿಗಿಂತ ಅದು ಎಷ್ಟೋ ಕಡಿಮೆ.

ಕೊಂಡಾಯಿತು. ಮೊದಲ ಪ್ರಯಾಣಕ್ಕೆ ಮುನ್ನ ಏನು ಮಾಡಲಿ?

ಎಂಜಿನ್, ಗೇರ್‌ಬಾಕ್ಸ್, ಟ್ರಾನ್ಸ್‌ಫರ್ ಕೇಸ್, ಎರಡೂ ಡಿಫರೆನ್ಷಿಯಲ್ಲುಗಳ ಆಯಿಲ್, ಕೂಲಂಟ್, ಬ್ರೇಕ್ ಆಯಿಲ್ ಎಲ್ಲ ಹೊಸದು ಹಾಕಿಸಿ. ಹೋಸ್ ಪೈಪು, ಬೆಲ್ಟುಗಳ ವಯಸ್ಸು ಗೊತ್ತಿಲ್ಲದಿದ್ದರೆ ಬದಲಿಸಿ. ಗೇರ್‌ಬಾಕ್ಸಿಗೆ ಹೆಚ್ಚುವರಿ ಕೂಲರ್ ಮತ್ತು ಉಷ್ಣತೆಯ ಗೇಜ್ ಇಲ್ಲದಿದ್ದರೆ ಹಾಕಿಸಿ, ಈ ಪಟ್ಟಿಯಲ್ಲಿ ಕೊಟ್ಟ ಹಣಕ್ಕೆ ಹೆಚ್ಚು ಫಲ ಕೊಡುವುದು ಅದೇ. ಟ್ರೈಲರಿನ ಬೇರಿಂಗುಗಳಿಗೆ ಹೊಸ ಗ್ರೀಸ್ ತುಂಬಿಸಿ.

ಮೊದಲ ಸಲ ಹತ್ತಿರದ ರ‍್ಯಾಂಪಿಗೆ ಮಾತ್ರ ಹೋಗಿ. ಸುಮಾರು 80 ಕಿಮೀ ಆದ ಮೇಲೆ ನಿಲ್ಲಿಸಿ ಚಕ್ರದ ನಟ್ಟುಗಳನ್ನು ಟಾರ್ಕ್ ರೆಂಚಿನಿಂದ ಬಿಗಿ ಮಾಡಿ, ಟ್ರೈಲರಿನ ಪ್ರತಿ ಹಬ್ಬಿನ ಹತ್ತಿರ ಅಂಗೈ ಒಯ್ದು ನೋಡಿ. ಒಂದು ಉಳಿದವಕ್ಕಿಂತ ಬಹಳ ಬಿಸಿಯಿದ್ದರೆ ಬೇರಿಂಗ್ ಅಥವಾ ಹಿಡಿದುಕೊಂಡ ಬ್ರೇಕ್. ರ‍್ಯಾಂಪ್ ತಲುಪಿದ ಕೂಡಲೇ ನೀರಿಗಿಳಿಸಬೇಡಿ. ಬಿಸಿ ಹಬ್ ತಣ್ಣೀರಿಗೆ ಮುಳುಗಿದರೆ ಒಳಗಿನ ಗಾಳಿ ಕುಗ್ಗಿ ಸೀಲ್ ಸಂದಿಯಿಂದ ನೀರನ್ನು ಬೇರಿಂಗಿಗೆ ಎಳೆದುಕೊಳ್ಳುತ್ತದೆ. ಕಾಲು ಗಂಟೆ ಬಿಡಿ, ಅಷ್ಟರಲ್ಲಿ ಬೋಟಿನ ಪಟ್ಟಿಗಳನ್ನು ಬಿಚ್ಚಿ, ಡ್ರೇನ್ ಪ್ಲಗ್ ಹಾಕಿದ್ದೀರಾ ನೋಡಿ, ಟ್ರೈಲರ್ ಲೈಟಿನ ವೈರ್ ಕಳಚಿಡಿ.